ಆಡಿ ಮುಗಿದ ಚೆಸ್ ಆಟವನ್ನು ಮತ್ತೆ ನಡೆಸಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಸೊಸೈಟಿಯ ಹಾಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳೆಂಟು ಬೋರ್ಡು ಹರಡಿಕೊಂಡು ಕೂರುತ್ತೇವೆ. ಬರುವವರಲ್ಲಿ ಮುಕ್ಕಾಲು ಪಾಲು ಕನ್ನಡದ ಮನೆಯವರು. ಉಡುಪಿ ಕಡೆಯವರಿದ್ದಾರೆ, ಧಾರವಾಡ, ವಿಜಯಪುರದವರಿದ್ದಾರೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದಾರೆ. ಮೊದಲ ಒಂದು ಗಂಟೆ ಆಟ. ಆಮೇಲೆ ಚಹಾ. ಚಹಾ ಆದಮೇಲೆ ಯಾರಾದರೂ ಬರೆದಿಟ್ಟ ಒಂದು ಆಟವನ್ನು ಮೊದಲ ನಡೆಯಿಂದ ಮತ್ತೆ ಬೋರ್ಡಿನ ಮೇಲೆ ನಡೆಸಿ ನೋಡುವುದು. ಹೊಸದಾಗಿ ಬಂದವರ ಪ್ರಶ್ನೆಗಳೆಲ್ಲ ಈ ಎರಡನೇ ಗಂಟೆಯ ಬಗ್ಗೆಯೇ. ಪ್ರತಿ ವಾರ ಅದೇ ಉತ್ತರ ಹೇಳಿ ಗಂಟಲು ನೋವು ಬಂತು. ಅದಕ್ಕೆ ಬರೆದಿಟ್ಟಿದ್ದೇನೆ.

ಮುಗಿದ ಆಟವನ್ನು ಮತ್ತೆ ಯಾಕೆ ನೋಡಬೇಕು? ಅಷ್ಟು ಹೊತ್ತಿನಲ್ಲಿ ಇನ್ನೂ ನಾಲ್ಕು ಆಟ ಆಡಬಹುದಲ್ವಾ?

ಆಡಬಹುದು. ನಾಲ್ಕರಲ್ಲೂ ಅದೇ ತಪ್ಪು ಮಾಡಬಹುದು.

ನನ್ನದೇ ಕತೆ ಹೇಳುತ್ತೇನೆ. ಕ್ಯಾಸಲಿಂಗ್ ಮಾಡಿ, ಅಂದರೆ ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸಿ, ರಾಜನನ್ನು ಮೂಲೆಗೆ ಕೂರಿಸಿದ ಮೇಲೆ ನಾನು ನಿಶ್ಚಿಂತನಾಗಿ ಎರಡೂ ಆನೆಗಳನ್ನು ಬೇಟೆಗೆ ಕಳಿಸಿಬಿಡುತ್ತಿದ್ದೆ. ಮನೆಯ ಹಿಂದಿನ ಸಾಲು ಖಾಲಿ. ಎದುರಾಳಿಯ ಆನೆ ಅಲ್ಲಿಗೆ ಬಂದು ಕೂತರೆ ಮುಗಿಯಿತು. ಹೀಗೆ ಸೋತಾಗಲೆಲ್ಲ 'ಛೇ, ಇವತ್ತು ಗಮನ ಇರಲಿಲ್ಲ' ಅಂದುಕೊಂಡು ಮುಂದಿನ ಆಟಕ್ಕೆ ಕೂರುತ್ತಿದ್ದೆ. ಒಂದು ಮಳೆಗಾಲದಲ್ಲಿ ಲೋಕಲ್ ಟ್ರೈನು ನಿಂತು, ಕೆಲಸಕ್ಕೆ ಹೋಗಲಾಗದೆ, ಮನೆಯಲ್ಲಿ ನಡೆಗಳನ್ನು ಬರೆದಿಟ್ಟ ಹಳೆಯ ಸ್ಕೋರ್‌ಶೀಟ್‌ಗಳನ್ನು ತೆಗೆದು ನೋಡಿದೆ. ಸೋತ ಹನ್ನೊಂದು ಆಟಗಳಲ್ಲಿ ಆರು ಇದೇ ಕಾಯಿಲೆ! ಆಡುವಾಗ ಇದು ಗೊತ್ತಾಗುವುದಿಲ್ಲ. ಸಾಲಾಗಿ ಇಟ್ಟು ನೋಡಿದಾಗ ಮಾತ್ರ ಗೊತ್ತಾಗುತ್ತದೆ.

ನಡೆಗಳನ್ನು ಬರೆಯುವುದು ಹೇಗೆ? ನನಗೆ ಅದೇ ಬರುವುದಿಲ್ಲ.

ಹತ್ತು ನಿಮಿಷದ ಕೆಲಸ. ಬಿಳಿಯವರ ಎಡಗೈಯಿಂದ ಬಲಕ್ಕೆ ಎಂಟು ಉದ್ದ ಸಾಲು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯವರ ಕಡೆಯಿಂದ ಆಚೆಗೆ ಅಂಕಿ: 1ರಿಂದ 8. ಹೀಗೆ ಪ್ರತಿ ಮನೆಗೂ ಒಂದು ಹೆಸರು. ಕಾಯಿ ಯಾವುದು, ಯಾವ ಮನೆಗೆ ಹೋಯಿತು, ಇಷ್ಟೇ ಬರೆಯಬೇಕು. ಕಾಲಾಳು ನಡೆದರೆ ಮನೆಯ ಹೆಸರೊಂದೇ ಸಾಕು. ಹೊಡೆದರೆ ನಡುವೆ ಇಂಟು ಗುರುತು, ಚೆಕ್ ಕೊಟ್ಟರೆ ಕೊನೆಗೆ ಪ್ಲಸ್. ರಾಜನ ಪಕ್ಕದ ಚಿಕ್ಕ ಕ್ಯಾಸಲಿಂಗ್‌ಗೆ ಎರಡು ಸೊನ್ನೆ, ರಾಣಿಯ ಪಕ್ಕದ ದೊಡ್ಡದಕ್ಕೆ ಮೂರು.

ಕಾಯಿಗಳಿಗೆ ಇಂಗ್ಲಿಷಿನ ಮೊದಲ ಅಕ್ಷರ (ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್). ಕುದುರೆಗೆ ಮಾತ್ರ ಎನ್, ಯಾಕೆಂದರೆ ಕೆ ಆಗಲೇ ರಾಜನ ಪಾಲಾಗಿದೆ. ಬಾಯಲ್ಲಿ ಯಾರು ಏನು ಬೇಕಾದರೂ ಹೇಳಲಿ. ನಮ್ಮ ಹಾಲಿನಲ್ಲಿ ಮಕ್ಕಳು ಶಾಲೆಯ ಅಭ್ಯಾಸದಿಂದ ಘೋಡಾ, ಉಂಟ್, ವಜೀರ್ ಅನ್ನುತ್ತಾರೆ. ಮರಾಠಿಯಲ್ಲಿ ಆನೆಗೆ ಹತ್ತಿ. ಧಾರವಾಡದಿಂದ ಹೊಸದಾಗಿ ಬಂದ ಹುಡುಗನಿಗೆ ಎದುರಿನವಳು 'ನಿನ್ನ ಹತ್ತಿ ಹೋಯ್ತು' ಅಂದಾಗ ಅವನು ಜೇಬು ಮುಟ್ಟಿ ನೋಡಿಕೊಂಡಿದ್ದ. ಕಾಗದದ ಮೇಲೆ ಮಾತ್ರ ಎಲ್ಲರದ್ದೂ ಒಂದೇ ಭಾಷೆ. ಇಲ್ಲಿ ಓದುವುದಕ್ಕೆ ಸುಲಭವಾಗಲಿ ಅಂತ ನಾನು ಕುದುರೆ, ಒಂಟೆ ಅಂತಲೇ ಬರೆಯುತ್ತೇನೆ.

ಮೊದಲು ಯಾವ ಆಟ ನೋಡಲಿ?

ನಾನು ಎಲ್ಲರ ಕೈಗೂ ಕೊಡುವುದು ಒಂದೇ ಆಟ. 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ, ವೇದಿಕೆಯ ಮೇಲೆ ಹಾಡು ನಡೆಯುತ್ತಿದ್ದಾಗ ಬಾಕ್ಸಿನಲ್ಲಿ ಕೂತು ಆಡಿದ್ದು. ಬಿಳಿ ಕಾಯಿ ಪಾಲ್ ಮಾರ್ಫಿಯದ್ದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನವನು, ಆಗ 21 ವರ್ಷ. ಕಪ್ಪು ಕಡೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೋವಾರ್, ಇಬ್ಬರೂ ಸೇರಿ ಮಾತಾಡಿಕೊಂಡು ಆಡಿದರು. ಹದಿನೇಳೇ ನಡೆ. ಬೋರ್ಡು ತೆಗೆದು ಈಗಲೇ ನಡೆಸಿ:

1. ಇ4, ಇ5. 2. ಕುದುರೆ ಎಫ್3, ಡಿ6. 3. ಡಿ4, ಒಂಟೆ ಜಿ4. 4. ಡಿ×ಇ5, ಒಂಟೆ×ಎಫ್3. 5. ರಾಣಿ×ಎಫ್3, ಡಿ×ಇ5. 6. ಒಂಟೆ ಸಿ4, ಕುದುರೆ ಎಫ್6. 7. ರಾಣಿ ಬಿ3, ರಾಣಿ ಇ7. 8. ಕುದುರೆ ಸಿ3, ಸಿ6. 9. ಒಂಟೆ ಜಿ5, ಬಿ5. 10. ಕುದುರೆ×ಬಿ5, ಸಿ×ಬಿ5. 11. ಒಂಟೆ×ಬಿ5 ಚೆಕ್, ಬಿ8ರ ಕುದುರೆ ಡಿ7. 12. ದೊಡ್ಡ ಕ್ಯಾಸಲಿಂಗ್, ಆನೆ ಡಿ8. 13. ಆನೆ×ಡಿ7, ಆನೆ×ಡಿ7. 14. ಆನೆ ಡಿ1, ರಾಣಿ ಇ6. 15. ಒಂಟೆ×ಡಿ7 ಚೆಕ್, ಕುದುರೆ×ಡಿ7. 16. ರಾಣಿ ಬಿ8 ಚೆಕ್, ಕುದುರೆ×ಬಿ8. 17. ಆನೆ ಡಿ8 ಮೇಟ್.

ಮೊದಲ ಸಲ ಸುಮ್ನೆ ನಡೆಸಿ, ಖುಷಿಪಡಿ. ಹದಿನಾರನೇ ನಡೆಯಲ್ಲಿ ರಾಣಿಯನ್ನೇ ಕೊಟ್ಟುಬಿಡುವುದನ್ನು ನೋಡಿ ಮಕ್ಕಳು ಕೂಗುತ್ತಾರೆ. ದೊಡ್ಡವರೂ ಕೂಗುತ್ತಾರೆ. ಎರಡನೇ ಸಲ ಮೂರು ಕಡೆ ನಿಲ್ಲಿಸಿ.

ಮೊದಲನೆಯದು ಎಂಟನೇ ನಡೆಗೆ ಮುಂಚೆ. ಬಿ7ರ ಕಾಲಾಳು ಬಾಯಿಗೆ ಬಂದ ತುತ್ತು. ಮಾರ್ಫಿ ಯಾಕೆ ತಿನ್ನಲಿಲ್ಲ? ತಿಂದರೆ ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಟ್ಟು ರಾಣಿಗಳನ್ನು ಬದಲಾಯಿಸಿಕೊಳ್ಳುತ್ತದೆ. ಬಿಳಿಗೆ ಒಂದು ಕಾಲಾಳು ಲಾಭ, ಆದರೆ ಆಟ ಎಳೆಯುತ್ತದೆ. ಹಾಗೆ ಆಡಿದರೂ ತಪ್ಪೇನಿಲ್ಲ. ಮಾರ್ಫಿಗೆ ಆ ಲಾಭ ಬೇಡವಾಗಿತ್ತು, ಇನ್ನೊಂದು ಕುದುರೆಯನ್ನು ಹೊರಗೆ ತಂದ. ಎರಡನೆಯದು ಹತ್ತನೇ ನಡೆ. ಕುದುರೆ ಕೊಟ್ಟು ಎರಡು ಕಾಲಾಳು ತೆಗೆದುಕೊಂಡ. ಲೆಕ್ಕದಲ್ಲಿ ನಷ್ಟವೇ. ಬದಲಿಗೆ ಸಿಕ್ಕಿದ್ದು ಏನು? ಕಪ್ಪು ರಾಜ ನಡುಮನೆಯಲ್ಲೇ ಸಿಕ್ಕಿಹಾಕಿಕೊಂಡ. ಮೂರನೆಯದು ಹದಿಮೂರು. ಅಲ್ಲಿ ಡಿ7ರ ಮೇಲೆ ಯಾರ್ಯಾರ ಕಣ್ಣಿದೆ ಅಂತ ಬೆರಳಿಟ್ಟು ಎಣಿಸಿ. ಎಫ್6ರ ಕುದುರೆ ಕಾವಲಿಗಿದೆ ಅನ್ನಿಸುತ್ತದೆ, ಆದರೆ ಅದು ಜಿ5ರ ಒಂಟೆಯ ಪಿನ್‌ನಲ್ಲಿದೆ. ಅಲುಗಾಡಿದರೆ ಹಿಂದಿರುವ ರಾಣಿ ಹೋಗುತ್ತದೆ.

ಮೇಟ್ ಆದಮೇಲೆ ಬೋರ್ಡು ಕೆಡಿಸಬೇಡಿ. ಎಚ್8ರ ಕಪ್ಪು ಆನೆಯನ್ನೂ ಎಫ್8ರ ಒಂಟೆಯನ್ನೂ ನೋಡಿ. ಇಡೀ ಆಟದಲ್ಲಿ ಅವು ಒಂದು ಹೆಜ್ಜೆಯೂ ಇಟ್ಟಿಲ್ಲ. ಬಿಳಿಯ ಕಡೆ, ಎಚ್1ರಲ್ಲಿದ್ದ ಕೊನೆಯ ಆನೆಯೂ ಹದಿನಾಲ್ಕನೇ ನಡೆಗೆ ಕೆಲಸಕ್ಕೆ ಬಂತು. ಕೊನೆಗೆ ಬಿಳಿಯ ಬಳಿ ರಾಜ, ಕಾಲಾಳುಗಳನ್ನು ಬಿಟ್ಟರೆ ಉಳಿದಿದ್ದು ಒಂದು ಆನೆ, ಒಂದು ಒಂಟೆ. ಅಷ್ಟರಲ್ಲೇ ಮೇಟ್. 'ಕಾಯಿ ಹೊರಗೆ ತನ್ನಿ' ಅಂತ ನಾನು ನೂರು ಸಲ ಹೇಳುವುದಕ್ಕಿಂತ ಆ ಎರಡು ಕಾಯಿ ತೋರಿಸುವುದು ಸುಲಭ.

ನಾನು ಬರೆದಿದ್ದ ಆಟ ನಡುವೆ ಎಲ್ಲೋ ನಿಂತುಹೋಗುತ್ತದೆ. ಮುಂದಿನ ನಡೆ ಆಡಲು ಬರುವುದೇ ಇಲ್ಲ. ಏನು ಮಾಡಲಿ?

ಎಲ್ಲರಿಗೂ ಆಗುತ್ತದೆ. ತಪ್ಪು ನಿಂತ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ನಾಲ್ಕೈದು ನಡೆ ಹಿಂದೆ ಇರುತ್ತದೆ.

ಹೆಚ್ಚಾಗಿ ಆಗುವ ಎಡವಟ್ಟು ಎರಡು ಕುದುರೆಗಳದ್ದು. ಮೇಲಿನ ಆಟದ ಹನ್ನೊಂದನೇ ನಡೆಯನ್ನೇ ನೋಡಿ. ಕಪ್ಪು ಕುದುರೆ ಡಿ7ಕ್ಕೆ ಬಂತು. ಬಿ8ರಲ್ಲಿರುವುದೂ ಬರಬಹುದು, ಎಫ್6ರಲ್ಲಿರುವುದೂ ಬರಬಹುದು. ಸುಮ್ಮನೆ 'ಕುದುರೆ ಡಿ7' ಅಂತ ಬರೆದು, ಮನೆಗೆ ಹೋಗಿ ಎಫ್6ರದ್ದನ್ನು ಎತ್ತಿಟ್ಟರೆ ಕತೆಯೇ ಬೇರೆಯಾಗುತ್ತದೆ. ಜಿ5ರ ಒಂಟೆ ರಾಣಿಯನ್ನು ಹೊಡೆಯಬಹುದು! ಅದಕ್ಕೇ ಎರಡು ಕಾಯಿಗೆ ಒಂದೇ ಮನೆಗೆ ದಾರಿ ಇದ್ದಾಗ, ಯಾವ ಸಾಲಿನದು ಅಂತ ನಡುವೆ ಒಂದಕ್ಷರ ಸೇರಿಸಬೇಕು. ಆನೆಗಳಿಗೂ ಇದೇ ಮಾತು.

ಇನ್ನೊಂದು ಎಡವಟ್ಟು, ಕಪ್ಪು ಕಾಯಿ ಆಡುವಾಗ ಮನೆಗಳನ್ನು ನಮ್ಮ ಕಡೆಯಿಂದ ಎಣಿಸಿಬಿಡುವುದು. ಇ5 ಇರಬೇಕಾದ ಕಡೆ ಇ4 ಇರುತ್ತದೆ. ಹಾಗೂ ಸರಿಹೋಗದಿದ್ದರೆ ಎದುರಾಳಿಯ ಶೀಟ್ ಕೇಳಿ. ಅವರೂ ತಪ್ಪು ಬರೆದಿರುತ್ತಾರೆ, ಆದರೆ ಬೇರೆ ಕಡೆ.

ಟೂರ್ನಮೆಂಟಿನಲ್ಲಿ ಬರೆಯಲೇಬೇಕಾ?

ದೀರ್ಘ ಸಮಯದ ಆಟದಲ್ಲಿ ಹೌದು. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ ನಿಮ್ಮ ನಡೆಯನ್ನೂ ಎದುರಾಳಿಯ ನಡೆಯನ್ನೂ ನೀವೇ ಬರೆದುಕೊಳ್ಳುತ್ತಾ ಹೋಗಬೇಕು. ನಡೆ ಆಡಿದ ಮೇಲೆ ಬರೆಯಬೇಕು, ಮೊದಲೇ ಬರೆದು ಆಮೇಲೆ ಆಡುವಂತಿಲ್ಲ. ಡ್ರಾ ಕ್ಲೇಮ್ ಮಾಡುವಾಗ ಅದಕ್ಕೆ ವಿನಾಯಿತಿ ಇದೆ. ಡ್ರಾ ಆಫರ್ ಆದರೆ ಆ ನಡೆಯ ಪಕ್ಕ ಸಮ ಚಿಹ್ನೆ ಹಾಕಬೇಕು. ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದು, ಪ್ರತಿ ನಡೆಗೆ 30 ಸೆಕೆಂಡು ಸೇರುವ ಪದ್ಧತಿ ಇಲ್ಲದಿದ್ದರೆ ಬರೆಯುವುದನ್ನು ನಿಲ್ಲಿಸಬಹುದು.

ಮೂಲ ಶೀಟ್ ಸಂಘಟಕರ ಸೊತ್ತು. ಅಡಿಯಲ್ಲಿ ಕಾಪಿ ಇದ್ದರೆ ಅದು ನಿಮ್ಮದು. ಕಾಪಿ ಇಲ್ಲದಿದ್ದರೆ ಕೊಡುವ ಮೊದಲು ಫೋಟೋ ತೆಗೆದುಕೊಳ್ಳಬಹುದಾ ಅಂತ ಆರ್ಬಿಟರ್‌ನ, ಅಂದರೆ ತೀರ್ಪುಗಾರರನ್ನ, ಕೇಳಿ. ಕೇಳದೆ ಹಾಲಿನಲ್ಲಿ ಫೋನ್ ಹೊರಗೆ ತೆಗೆಯಬೇಡಿ, ಆಟವೇ ಹೋಗುತ್ತದೆ.

ನನ್ನದೇ ಆಟವನ್ನು ಅಭ್ಯಾಸ ಮಾಡುವ ಕ್ರಮ ಏನು?

ಅದೇ ದಿನ ಸಂಜೆ ಕೂರಬೇಕು. ಇದರಲ್ಲಿ ನಾನು ಹಟಮಾರಿ. ಎರಡು ದಿನ ಬಿಟ್ಟರೆ ನಡೆಗಳು ಕಾಗದದಲ್ಲಿ ಇರುತ್ತವೆ, ತಲೆಯಲ್ಲಿ ಓಡಿದ್ದು ಹಾರಿಹೋಗಿರುತ್ತದೆ. ಸ್ಕೋರ್‌ಶೀಟಿನಲ್ಲಿ ಇರುವುದು ಏನಾಯಿತು ಅನ್ನುವುದು ಮಾತ್ರ. ಯಾಕಾಯಿತು ಅನ್ನುವುದು ನಿಮ್ಮ ಬಳಿಯೇ ಇದೆ. ಅದನ್ನು ಮೊದಲು ಹಿಡಿದಿಡಿ.

ಒಂದು ರೂಲ್ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಮರದ ಬೋರ್ಡಿನ ಮೇಲೆ ಒಂದೊಂದೇ ನಡೆ ಇಡಿ. ಎಲ್ಲಿ ನಿಮಗೆ ಹೆದರಿಕೆ ಆಯಿತು, ಎಲ್ಲಿ ಎರಡು ನಡೆಗಳ ನಡುವೆ ತೂಗಾಡಿದಿರಿ, ಎಲ್ಲಿ ಯೋಚನೆಯನ್ನೇ ಮಾಡದೆ ಆಡಿದಿರಿ, ಅಲ್ಲಿ ಒಂದು ಸಾಲು ಬರೆಯಿರಿ. ಚೆಂದ ಮಾಡಿ ಬರೆಯಬೇಕಿಲ್ಲ. 'ಊಟಕ್ಕೆ ಲೇಟಾಗಿತ್ತು, ಬೇಗ ಆಡಿದೆ' ಅನ್ನುವುದೂ ಒಳ್ಳೆಯ ಟಿಪ್ಪಣಿಯೇ. ಆನ್‌ಲೈನ್ ಆಟವಾದರೆ ಪ್ರತಿ ನಡೆಗೆ ಎಷ್ಟು ಸಮಯ ಹಿಡಿಯಿತು ಅನ್ನುವುದೂ ಸಿಗುತ್ತದೆ. ಹದಿನೈದನೇ ನಡೆಗೆ ಎಂಟು ನಿಮಿಷ, ಹದಿನಾರಕ್ಕೆ ನಾಲ್ಕು ಸೆಕೆಂಡು ಅಂತ ಕಂಡರೆ, ತಪ್ಪು ಹದಿನಾರರಲ್ಲೇ ಇರುವ ಸಾಧ್ಯತೆ ಜಾಸ್ತಿ. ಅಷ್ಟು ಯೋಚಿಸಿದ ಮೇಲೆ ತಲೆ 'ಇನ್ನು ಸಾಕು' ಅಂದುಬಿಟ್ಟಿರುತ್ತದೆ.

ಆಮೇಲೆ ಎದುರಾಳಿ. ಸಿಕ್ಕರೆ ಜೊತೆಗೆ ಕೂರಿ. ಕೊನೆಗೆ ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ.

ಎಂಜಿನ್ ಅರೆಕ್ಷಣದಲ್ಲಿ ಎಲ್ಲಾ ತಪ್ಪು ತೋರಿಸುತ್ತದೆ. ಅದನ್ನು ಕೊನೆಗೆ ಯಾಕೆ ಇಡಬೇಕು?

ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಉಚಿತವಾಗಿ ಸಿಗುತ್ತದೆ. ನಮ್ಮ ಜೇಬಿನ ಫೋನಿನಲ್ಲಿ ಓಡುವ ಅದರ ಮುಂದೆ ಯಾವ ಗ್ರ್ಯಾಂಡ್‌ಮಾಸ್ಟರೂ ನಿಲ್ಲುವುದಿಲ್ಲ. ಅದು ಹೇಳಿದ್ದು ಸರಿಯೇ. ಆದರೆ ಅದಕ್ಕೆ ನಿಮ್ಮ ಪರಿಚಯ ಇಲ್ಲ.

ನಮ್ಮಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಬ್ಯಾಂಕಿನಿಂದ ನಿವೃತ್ತರಾದ ರಾಯರ ಜೊತೆ ಆಡಿ ಸೋತಳು. ಗೆಲ್ಲುವ ಆಟವಾಗಿತ್ತು. ಇಪ್ಪತ್ಮೂರನೇ ನಡೆಯಲ್ಲಿ ಮುಂದಿದ್ದ ರಾಣಿಯನ್ನು ತಾನಾಗಿಯೇ ಮನೆಗೆ ಕರೆದುಕೊಂಡಳು. ಎಂಜಿನ್‌ಗೆ ಹಾಕಿದ್ದರೆ ಅಲ್ಲೊಂದು ಕೆಂಪು ಗುರುತು, ಪಕ್ಕದಲ್ಲಿ ಸರಿಯಾದ ನಡೆ. ಅಷ್ಟೇ. ಅವಳ ನೋಟ್‌ಬುಕ್ಕಿನಲ್ಲಿ ಆ ನಡೆಯ ಪಕ್ಕ ಹೀಗಿತ್ತು: 'ಅಜ್ಜನ ಕುದುರೆ ಬರುತ್ತೆ ಅಂತ ಹೆದರಿಕೆ.' ರಾಯರ ಆ ಕುದುರೆ ಪಿನ್ ಆಗಿತ್ತು, ಬರುವ ಹಾಗೇ ಇರಲಿಲ್ಲ. ಹಿಂದಿನ ವಾರದ ಪುಟ ತಿರುವಿದೆವು. ಅಲ್ಲೂ ಒಂದು ಕುದುರೆಯ ಭಯ. ಅದರ ಹಿಂದಿನ ವಾರವೂ! ಹುಡುಗಿಗೆ ಕಲಿಯಬೇಕಾಗಿದ್ದದ್ದು ಇಪ್ಪತ್ಮೂರನೇ ನಡೆ ಅಲ್ಲ. ಕುದುರೆ ಕಂಡಾಗ ಒಂದು ಸಲ ನಿಂತು, 'ಇದು ನಿಜವಾಗಿ ಎಲ್ಲಿಗೆ ಹೋಗಬಲ್ಲದು' ಅಂತ ಎಣಿಸುವುದು. ಒಂದು ತಿಂಗಳು ಕುದುರೆ ಇರುವ ಲೆಕ್ಕಗಳನ್ನೇ ಕೊಟ್ಟೆವು.

ಮೊದಲೇ ಎಂಜಿನ್ ಹಾಕಿದ್ದರೆ ಅವಳು ಆ ಸಾಲನ್ನು ಬರೆಯುತ್ತಲೇ ಇರಲಿಲ್ಲ. ಉತ್ತರ ಕಂಡ ಮೇಲೆ 'ಹೌದಲ್ವಾ, ಇದು ನನಗೂ ಗೊತ್ತಿತ್ತು' ಅನ್ನಿಸಿಬಿಡುತ್ತದೆ. ನನಗೂ ಅನ್ನಿಸುತ್ತದೆ.

ಎಂಜಿನ್ ಪ್ಲಸ್ 1.8 ಅಂತ ತೋರಿಸುತ್ತದಲ್ಲ, ಏನದು?

ಬಿಳಿಗೆ ಹೆಚ್ಚುಕಡಿಮೆ ಎರಡು ಕಾಲಾಳಿನಷ್ಟು ಮೇಲುಗೈ ಅಂತ. ಮೈನಸ್ ಇದ್ದರೆ ಕಪ್ಪಿಗೆ. ಎಂ ಅಕ್ಷರ ಅಥವಾ ಹ್ಯಾಶ್ ಗುರುತಿನ ಜೊತೆ ಅಂಕಿ ಬಂದರೆ ಅಷ್ಟು ನಡೆಯಲ್ಲಿ ಮೇಟ್ ಇದೆ. 0.3 ಇದ್ದದ್ದು 0.1 ಆಯಿತು ಅಂತ ಕೊರಗಬೇಡಿ. ಗ್ರಾಫ್ ಎಲ್ಲಿ ದಢಾರನೆ ಬಿದ್ದಿದೆಯೋ ಆ ಎರಡು ಮೂರು ಜಾಗ ನೋಡಿ, ಸಾಕು.

ದೊಡ್ಡ ಆಟಗಾರರ ಆಟವನ್ನು ಸುಮ್ನೆ ನಡೆಸುತ್ತಾ ಹೋದರೆ ಏನೂ ಅಂಟುವುದಿಲ್ಲ. ಬೇರೆ ಉಪಾಯ ಇದೆಯಾ?

ಇದೆ. ನಡೆಗಳ ಮೇಲೆ ಒಂದು ಪೋಸ್ಟ್‌ಕಾರ್ಡ್ ಮುಚ್ಚಿಡಿ. ಗೆದ್ದವರ ಕಡೆ ನೀವು ಕೂರಿ. ಪ್ರತಿ ಸಲ ನಿಮ್ಮ ನಡೆ ಯೋಚಿಸಿ ಬರೆದುಕೊಂಡು, ಆಮೇಲೆ ಕಾರ್ಡ್ ಸರಿಸಿ. ಒಂದೇ ಆದರೆ ಬೆನ್ನು ತಟ್ಟಿಕೊಳ್ಳಿ. ಬೇರೆಯಾದರೆ ಅಲ್ಲೇ ನಿಂತು ಜಗಳ ಆಡಿ: ನನ್ನದರಲ್ಲಿ ಏನು ಕೊರತೆ? ಓಪನಿಂಗ್‌ನ ಮೊದಲ ಏಳೆಂಟು ನಡೆ ಬೇಕಾದರೆ ಬಿಟ್ಟುಬಿಡಿ.

ಗುಂಪಿನಲ್ಲಿ ಇದು ಇನ್ನೂ ಮಜಾ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್ ಮುಗಿದ ಮೇಲಿನ ಭಾನುವಾರ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಆಡಿದ ಹದಿನಾಲ್ಕನೇ ಆಟವನ್ನು ಹೀಗೆ ನೋಡಿದೆವು. ಅದಕ್ಕೆ ಮೊದಲು ಇಬ್ಬರದ್ದೂ 6.5 ಪಾಯಿಂಟ್. ಕೊನೆಯಲ್ಲಿ ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ. ಡ್ರಾ ಆಗುವ ಹಾಗೇ ಇತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಬದಲಾಯಿಸಿಕೊಳ್ಳಲು ಹೋದರು. ನಾನು ಅಲ್ಲಿ ನಿಲ್ಲಿಸಿ, 'ಕಪ್ಪು ಏನು ಆಡಬೇಕು?' ಅಂತ ಕೇಳಿದೆ. ಆನೆಗಳು ಹೋಗಲಿ ಅಂತ ಎಲ್ಲರೂ ಹೇಳಿದರು. ಆಮೇಲೆ? ಗುಕೇಶ್ ಒಂಟೆಯನ್ನು ಡಿ5ಕ್ಕೆ ಇಟ್ಟರು. ಮೂಲೆಯಲ್ಲಿದ್ದ ಬಿಳಿ ಒಂಟೆಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಒಂಟೆಗಳೂ ಹೋದವು. ಉಳಿದದ್ದು ರಾಜರು, ಕಪ್ಪಿಗೆ ಎರಡು ಕಾಲಾಳು, ಬಿಳಿಗೆ ಒಂದು. ಅಲ್ಲಿಂದ ಗೆಲ್ಲುವುದು ಹೇಗೆ ಅಂತ ಹತ್ತು ವರ್ಷದ ಹುಡುಗನೇ ಬೋರ್ಡಿಗೆ ಬಂದು ತೋರಿಸಿದ. ಬೇಸಿಕ್ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಕಲಿಯಿರಿ ಅಂದರೆ ಮುಖ ತಿರುಗಿಸುವ ಹುಡುಗ ಅವನು. 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆಗಿದ್ದು ಇಂಥದ್ದೊಂದು ಎಂಡ್‌ಗೇಮಿನಿಂದ ಅಂತ ಕಂಡಮೇಲೆ ಸುಮ್ಮನಾದ.

2025ರ ನವೆಂಬರ್‌ನಲ್ಲಿ ವಿಶ್ವಕಪ್ ಇಲ್ಲೇ ಪಕ್ಕದ ಗೋವಾದಲ್ಲಿ ನಡೆಯಿತು. ಉಜ್ಬೇಕಿಸ್ತಾನದ ಜಾವೋಖಿರ್ ಸಿಂದಾರೋವ್ ಗೆದ್ದರು. ಆ ತಿಂಗಳಿಡೀ ನಮಗೆ ಹಬ್ಬ. ಲೈವ್ ನೋಡುವಾಗಲೂ ಇದೇ ಆಟ: ಯಾರು ಮುಂದಿದ್ದಾರೆ ಅಂತ ತೋರಿಸುವ ಎಂಜಿನ್ ಪಟ್ಟಿ ಮುಚ್ಚಿ, ನಡೆ ಊಹಿಸಿ. ಪಟ್ಟಿ ತೆರೆದಿಟ್ಟರೆ ಎಲ್ಲರೂ ಗ್ರ್ಯಾಂಡ್‌ಮಾಸ್ಟರೇ.

ಮರದ ಬೋರ್ಡೇ ಬೇಕಾ? ಫೋನಿನಲ್ಲಿ ಆಗುವುದಿಲ್ವಾ?

ಆಗುತ್ತದೆ. ಆದರೆ ಫೋನಿನಲ್ಲಿ ಬಾಣದ ಗುರುತನ್ನು ಟಕಟಕ ಒತ್ತುತ್ತಾ ಹೋಗುತ್ತೇವೆ, ನಲವತ್ತು ನಡೆ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ, ತಲೆಗೆ ಹೋದದ್ದು ಸೊನ್ನೆ. ಕೈಯಿಂದ ಕಾಯಿ ಎತ್ತಿಡುವಾಗ ತಾನಾಗಿಯೇ ನಿಧಾನವಾಗುತ್ತದೆ. ನಮ್ಮ ಕಡೆಯ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ಬೋರ್ಡು ಹರಡಲು ಜಾಗ ಎಲ್ಲಿ ಅಂತೀರಾ? ಸುರುಳಿ ಸುತ್ತುವ ಬೋರ್ಡು ತನ್ನಿ. ಊಟದ ಮೇಜು ಒರೆಸಿದ ಮೇಲೆ ಅರ್ಧ ಗಂಟೆ ಯಾರೂ ಬೇಡ ಅನ್ನುವುದಿಲ್ಲ.

ಲೋಕಲ್ ಟ್ರೈನಿನಲ್ಲಿ?

ಸೀಟು ಸಿಕ್ಕರೆ ಫೋನು. ಸಿಗದಿದ್ದರೆ ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಒಂದು ಚಿಕ್ಕ ಆಟ. ಕಣ್ಣು ಮುಚ್ಚಿ ತಲೆಯಲ್ಲೇ ನಡೆಸಿ. ನಾನು ಮೊದಮೊದಲು ಠಾಣೆ ಬರುವಷ್ಟರಲ್ಲಿ ಆರನೇ ನಡೆಗೇ ಕಾಯಿಗಳನ್ನು ಕಳೆದುಕೊಳ್ಳುತ್ತಿದ್ದೆ. ಈಗ ದಾದರ್‌ವರೆಗೆ ಹೋಗುತ್ತೇನೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಪ್ರಯತ್ನಿಸಬೇಡಿ. ಅಲ್ಲಿ ಕೈ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಸೋತ ಮೇಲೆ ಎದುರಾಳಿಯ ಜೊತೆಗೇ ಕೂತು ಆಟ ನೋಡುವುದು ಮುಜುಗರ ಅಲ್ವಾ?

ಮುಜುಗರವೇ. ಆದರೂ ಇದಕ್ಕಿಂತ ಅಗ್ಗದ ಪಾಠ ಇಲ್ಲ. ನೀವು ಹೆದರಿ ಬಿಟ್ಟ ನಡೆಗೆ ಅವರೂ ಹೆದರಿದ್ದರು ಅಂತ ಅಲ್ಲೇ ತಿಳಿಯುತ್ತದೆ. ನಮ್ಮಲ್ಲಿ ಒಂದು ಪದ್ಧತಿ: ಸೋತವರು ಮೊದಲು ಮಾತಾಡಬೇಕು, ಗೆದ್ದವರು ಕೇಳಬೇಕು. ಚಿಕ್ಕವರು ದೊಡ್ಡವರಿಗೆ 'ನೀವು ತಪ್ಪು ಆಡಿದಿರಿ' ಅನ್ನಲು ಹಿಂಜರಿಯುತ್ತಾರೆ. ರಾಯರು ಅದಕ್ಕೊಂದು ದಾರಿ ಮಾಡಿದ್ದಾರೆ. 'ಅಜ್ಜ, ಇಲ್ಲಿ ನಾನಾಗಿದ್ದರೆ' ಅಂತ ಶುರು ಮಾಡು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಈಗ ಅವರಿಗೆ ವಾರಕ್ಕೆ ಹತ್ತು ಸಲ ಅದು ಕೇಳಿಸುತ್ತದೆ.

ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೆಯ ಚೆಸ್ ಪುಸ್ತಕ ಸಿಕ್ಕಿತು. ಅದರಲ್ಲಿ ಪಿ-ಕೆ4 ಅಂತೆಲ್ಲ ಇದೆ. ಏನು ಮಾಡಲಿ?

ಎಸೆಯಬೇಡಿ, ಒಳ್ಳೆಯ ಬೇಟೆ. ಅದು ಹಳೆಯ ಬರಹದ ಪದ್ಧತಿ. ಉದ್ದ ಸಾಲುಗಳಿಗೆ ಅಕ್ಷರದ ಬದಲು ಅಲ್ಲಿ ಮೊದಲು ನಿಂತಿರುವ ಕಾಯಿಯ ಹೆಸರು, ಮತ್ತು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುತ್ತಾರೆ. ಪಿ-ಕೆ4 ಅಂದರೆ ರಾಜನ ಮುಂದಿನ ಕಾಲಾಳು ನಾಲ್ಕನೇ ಮನೆಗೆ. ಬಿಳಿ ಆಡಿದರೆ ಇ4, ಕಪ್ಪು ಆಡಿದರೆ ಇ5. 1981ರಿಂದ ಫಿಡೆ ಇದನ್ನು ಒಪ್ಪುವುದನ್ನು ನಿಲ್ಲಿಸಿತು. ನಾಲ್ಕು ಆಟಗಳನ್ನು ಹೊಸ ಪದ್ಧತಿಗೆ ನೀವೇ ಬರೆದರೆ ರೂಢಿಯಾಗುತ್ತದೆ, ಆಟವೂ ಮನಸ್ಸಿನಲ್ಲಿ ಕೂರುತ್ತದೆ.

ನಾವು ಊರಲ್ಲಿ ಆಡುತ್ತಿದ್ದ ಚದುರಂಗದ ನಿಯಮವೇ ಬೇರೆ. ಅದನ್ನೂ ಹೀಗೆ ಬರೆದಿಡಬಹುದಾ?

ಧಾರಾಳವಾಗಿ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ, ಕ್ಯಾಸಲಿಂಗ್ ಬದಲು ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು, ಹೀಗೆ ಊರಿಗೊಂದು ಪದ್ಧತಿ ಇತ್ತು. ಬರೆಯುವಾಗ ಮೇಲುಗಡೆ ನಿಯಮ ಏನು ಅಂತ ಒಂದು ಸಾಲು ಹಾಕಿ. ಆ್ಯಪ್‌ಗಳು ಇದನ್ನು ಒಪ್ಪುವುದಿಲ್ಲ, ಕಾಗದ ಒಪ್ಪುತ್ತದೆ.

ಭಾರತದ ಪದ್ಧತಿಯಲ್ಲಿ ಆಟ ಕಲಿತು, ಆಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ನಿಯಮಕ್ಕೆ ಹೊಂದಿಕೊಂಡ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್‌ಶಿಪ್‌ ಅನ್ನು ಮೂರು ಸಲ ಗೆದ್ದರು: 1929, 1932, 1933. ಹೇಸ್ಟಿಂಗ್ಸ್‌ನಲ್ಲಿ 1930-31ರ ಟೂರ್ನಮೆಂಟಿನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಆ ಆಟ ಹುಡುಕಿ ನೋಡಿ. ಉದ್ದದ ಆಟ, ಗದ್ದಲವಿಲ್ಲ. ನಿಧಾನವಾಗಿ ಕತ್ತು ಹಿಡಿಯುವುದು ಅಂದರೇನು ಅಂತ ಗೊತ್ತಾಗುತ್ತದೆ. ಇನ್ನು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದೇ ಕುದುರೆ 64 ಮನೆಯನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಸುತ್ತುವ ಲೆಕ್ಕಗಳನ್ನು ರಚಿಸಿದವರು. ಮಕ್ಕಳಿಗೆ ಮಳೆಗಾಲದ ಮಧ್ಯಾಹ್ನಕ್ಕೆ ಇದನ್ನು ಕೊಟ್ಟುಬಿಡಿ, ಮನೆ ಶಾಂತವಾಗಿರುತ್ತದೆ.

ಪಿಜಿಎನ್ ಅಂದರೇನು? ಎಲ್ಲರೂ ಅದನ್ನೇ ಕಳಿಸಿ ಅಂತಾರೆ.

ಆಟವನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆದ ಸಾದಾ ಅಕ್ಷರದ ಫೈಲು. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ಅನ್ನುವವರು ರೂಪಿಸಿದ್ದು. ಮೇಲುಗಡೆ ಏಳು ವಿವರ: ಟೂರ್ನಮೆಂಟ್, ಊರು, ದಿನಾಂಕ, ಸುತ್ತು, ಬಿಳಿ ಯಾರು, ಕಪ್ಪು ಯಾರು, ಫಲಿತಾಂಶ. ಕೆಳಗೆ ನಡೆಗಳು. ಇದನ್ನು ಯಾವ ಆ್ಯಪ್‌ಗೆ ಹಾಕಿದರೂ ಬೋರ್ಡು ಎದ್ದು ನಿಲ್ಲುತ್ತದೆ. ಲೀಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಸ್ಟಡಿ ಅಂತ ಒಂದು ಸೌಲಭ್ಯ ಇದೆ, ಪೂರ್ತಿ ಉಚಿತ. ಅಲ್ಲಿ ಆಟ ಹಾಕಿ ನಡೆಗಳ ಪಕ್ಕ ಕನ್ನಡದಲ್ಲೇ ಟಿಪ್ಪಣಿ ಬರೆಯಬಹುದು. ಬೇರೆಯವರು ಆಡಿದ ಹೊಸ ಆಟಗಳು ಬೇಕಾದರೆ, ಮಾರ್ಕ್ ಕ್ರೌಥರ್ ಅನ್ನುವವರು 1994ರಿಂದ ವಾರಕ್ಕೊಂದು ಕಟ್ಟು ಹೊರತರುತ್ತಿದ್ದಾರೆ, ಅದೂ ಉಚಿತವೇ. ಅಷ್ಟನ್ನೂ ನೋಡುತ್ತೇನೆ ಅಂತ ಹೊರಡಬೇಡಿ. ವಾರಕ್ಕೊಂದು ಆಟ ನೆಟ್ಟಗೆ ನೋಡಿದರೆ ಹೆಚ್ಚು.

ಮಗನಿಗೆ ಎಂಟು ವರ್ಷ. ಸೋತ ಆಟ ತೆಗೆದರೆ ಅಳುತ್ತಾನೆ.

ಹಾಗಾದರೆ ಗೆದ್ದದ್ದನ್ನು ತೆಗೆಯಿರಿ. ಅದರಲ್ಲೂ ತಪ್ಪು ಬೇಕಾದಷ್ಟು ಇರುತ್ತದೆ. ಒಂದು ಆಟದಲ್ಲಿ ಒಂದೇ ಜಾಗ ತೋರಿಸಿ, ಹದಿನೈದು ನಿಮಿಷಕ್ಕೆ ಮುಗಿಸಿ. ಅಮ್ಮ, ಅಪ್ಪ ಎಂಜಿನ್ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಹಳೆಯ ಸ್ಕೋರ್‌ಶೀಟ್‌ಗಳ ರಾಶಿ ಬಿದ್ದಿದೆ. ಮನೆಯಲ್ಲಿ ರದ್ದಿಗೆ ಹಾಕುತ್ತೇವೆ ಅಂತಾರೆ.

ಫೋಟೋ ತೆಗೆಯಿರಿ, ಬಿಡುವಾದಾಗ ದಿನಕ್ಕೊಂದು ಪಿಜಿಎನ್ ಮಾಡಿ, ಆಮೇಲೆ ರದ್ದಿಗೆ ಕೊಡಿ. ಕಾರ್ಬನ್ ಕಾಪಿಯ ಅಕ್ಷರ ನಾಲ್ಕು ಮಳೆಗಾಲ ಕಂಡರೆ ತಾನೇ ಮಾಸುತ್ತದೆ. ನನ್ನದು ಒಂದೇ ದಿನಕ್ಕೆ ಹೋಯಿತು. 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ನಾವು ಆಗ ಕಲ್ಯಾಣದಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ಮಂಚದ ಕೆಳಗಿನ ಟ್ರಂಕಿನೊಳಗೆ ನೀರು ನುಗ್ಗಿ ಹತ್ತು ವರ್ಷದ ಆಟಗಳು ಮುದ್ದೆಯಾದವು. ಒಣಗಿಸಿದ ಮೇಲೆ ಓದಲು ಬಂದದ್ದು ಒಂದೇ ಹಾಳೆ, ಅದರಲ್ಲೂ ಹದಿನಾಲ್ಕು ನಡೆ. ಆ ಆಟದ ಎದುರಾಳಿ ಹೋದ ವರ್ಷ ಮಾಟುಂಗದಲ್ಲಿ ಸಿಕ್ಕರು. ಉಡುಪಿ ಹೋಟೆಲಿನ ಮೇಜಿನ ಮೇಲೆ ಸಕ್ಕರೆ ಪೊಟ್ಟಣಗಳನ್ನೇ ಕಾಯಿ ಮಾಡಿಕೊಂಡು ಉಳಿದ ನಡೆಗಳನ್ನು ಕೂಡಿಸಿದೆವು. ಇಪ್ಪತ್ತೊಂದನೇ ನಡೆಯಲ್ಲಿ ಮಾತ್ರ ಒಪ್ಪಿಗೆ ಆಗಿಲ್ಲ. ಆನೆ ಅಂತ ಅವರು, ಒಂಟೆ ಅಂತ ನಾನು.